ಒಂಬತ್ತನೇ ಕುಳಿಯ ಟಿಫನ್ ಶೆಡ್ಡು

ಮೊದಲು ಸಂತೋಷದ ಸುದ್ದಿ. ನನ್ನ ಮೊಮ್ಮಗಳು ಶ್ರಾವ್ಯ ಮೊನ್ನೆ ಭಾನುವಾರ ನಮ್ಮ ಚೆನ್ನೈಯಲ್ಲಿ ನಡೆದ ಹೆಂಗಸರ ಗಾಲ್ಫ್ ಚಾಂಪಿಯನ್‌ಶಿಪ್ಪಿನ ಫೈನಲಿಗೆ ರೆಫರಿಯಾಗಿ ನಿಂತಳು! ಆಡಲಿಕ್ಕಲ್ಲ, ತೀರ್ಪು ಹೇಳಲಿಕ್ಕೆ. ಬಿಳಿ ಅಂಗಿ, ಎದೆಗೆ ಬಿಲ್ಲೆ, ಕೈಯಲ್ಲಿ ವಾಕಿಟಾಕಿ. ವೇಲಚೇರಿಯ ನಮ್ಮ ಫ್ಲಾಟಿನ ವಾಚ್‌ಮನ್‌ಗೆ ಹೇಳಿದೆ, ಹಾಲಿನವನಿಗೆ ಹೇಳಿದೆ, ಲಿಫ್ಟಿನಲ್ಲಿ ಸಿಕ್ಕಿದವರಿಗೆಲ್ಲ ಹೇಳಿದೆ. ಮೇಲಿನ ಮನೆಯವರು, "ಗಾಲ್ಫ್‌ಗೂ ರೆಫರಿ ಉಂಟಾ?" ಎಂದು ಕೇಳಿದರು. ಉಂಟು. ಗಾಲ್ಫ್ ಮೈದಾನದಲ್ಲೇ ತಲೆ ನರೆತ ನನಗೂ ಮೊದಲು ಅದು ಗೊತ್ತಿರಲಿಲ್ಲ.

ಅವಳಿಗೆ ಇದು ಮೊದಲ ಸಲ. ಅಂದಿನ ಕೆಲಸ ಸರಿಹೋದರೆ ಮುಂದಿನ ಪಂದ್ಯಗಳಿಗೂ ಕರೆಯುತ್ತಾರೆ, ಎಡವಿದರೆ ಕರೆಯುವುದಿಲ್ಲ ಎಂದು ದೊಡ್ಡ ರೆಫರಿ ಮೊದಲೇ ಹೇಳಿದ್ದರಂತೆ. ಎಡವುವ ಹಾಗೆ ಆದದ್ದು ನನ್ನಿಂದಲೇ. ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಎಂದು ರಾತ್ರಿ ಊಟಕ್ಕೆ ಕೂರುವ ತನಕ ನನಗೆ ಗೊತ್ತಾಗಲಿಲ್ಲ. ಅದನ್ನು ಹೇಳಬೇಕಾದರೆ ನನ್ನ ಕೆಲಸದ ಕಥೆಯನ್ನು ಸ್ವಲ್ಪ ಹೇಳಬೇಕು. ಆ ಶೆಡ್ಡಿಗೆ ಈಗ ಕೆಲಸಕ್ಕೆ ಸೇರುವವರು ಓದಿದರೆ ಅವರಿಗೂ ಉಪಯೋಗವಾದೀತು. ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಉಡುಪಿಯಿಂದ ಬಂದು ಟಿ. ನಗರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದೆ. ನಮ್ಮ ಧಣಿಗಳಿಗೆ ಒಂದು ಗಾಲ್ಫ್ ಕ್ಲಬ್ಬಿನ ತಿಂಡಿ ಕಾಂಟ್ರಾಕ್ಟ್ ಸಿಕ್ಕಿತು. "ನೀನು ಹೋಗು, ಅಲ್ಲಿ ಜನ ಕಮ್ಮಿ, ಗಾಳಿ ಜಾಸ್ತಿ" ಎಂದರು. ಹೋದೆ. ಗಾಲ್ಫ್ ಮೈದಾನದಲ್ಲಿ ಹದಿನೆಂಟು ಕುಳಿಗಳು. ಒಂಬತ್ತು ಮುಗಿಸಿ ಬರುವಾಗ ಆಟಗಾರರಿಗೆ ಹಸಿವಾಗುತ್ತದೆ. ಅದಕ್ಕೆ ಒಂಬತ್ತನೇ ಕುಳಿಯ ಪಕ್ಕದಲ್ಲಿ ಒಂದು ಟಿಫನ್ ಶೆಡ್ಡು. ಒಂದು ಒಲೆ, ಒಂದು ಕಾವಲಿ, ನಾಲ್ಕು ಬೆಂಚು. ಅದೇ ನನ್ನ ಆಫೀಸು. ಅಲ್ಲಿಯ ಎಲ್ಲರಿಗೂ ನನ್ನ ಹೆಸರು 'ಉಡುಪಿ' ಎಂದೇ. ನಿಜವಾದ ಹೆಸರನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೊದಲ ವಾರ ನನಗೆ ತಲೆಬುಡ ತಿಳಿಯಲಿಲ್ಲ. ಯಾರೂ ಓಡುವುದಿಲ್ಲ, ಬೊಬ್ಬೆ ಹೊಡೆಯುವುದಿಲ್ಲ. ಒಬ್ಬ ಹೊಡೆಯುವಾಗ ಇನ್ನೊಬ್ಬ ತಡೆಯುವುದೂ ಇಲ್ಲ. ಕಡಿಮೆ ಹೊಡೆದವನು ಗೆದ್ದನಂತೆ! "ಹಾಗಾದರೆ ಹೊಡೆಯದೆ ಮನೆಯಲ್ಲಿ ಕೂತವನು ಎಲ್ಲರಿಗಿಂತ ದೊಡ್ಡ ಆಟಗಾರ ಅಲ್ವಾ?" ಎಂದು ಕ್ಯಾಡಿ ಮುರುಗನನ್ನು ಕೇಳಿದೆ. ಕ್ಯಾಡಿ ಎಂದರೆ ಆಟಗಾರನ ಕೋಲಿನ ಚೀಲ ಹೊರುವವನು. "ಉಡುಪಿ, ನೀ ಇಡ್ಲಿ ಪಾರು" ಎಂದ. ಇಡ್ಲಿ ನೋಡಿಕೋ ಅಂತ.

ನೋಡಿಕೊಂಡೆ. ಆದರೆ ಮೊದಲ ಚಾಂಪಿಯನ್‌ಶಿಪ್ಪಿನಲ್ಲೇ ಒಂದು ಅನಾಹುತ ಆಯಿತು. ಒಂದು ಚೆಂಡು ಉರುಳಿಕೊಂಡು ಬಂದು ನಮ್ಮ ಶೆಡ್ಡಿನ ಮೆಟ್ಟಿಲ ಬುಡದಲ್ಲಿ ನಿಂತಿತು. ಅದರ ಧಣಿ ದೂರದಿಂದ ನಡೆದು ಬರುತ್ತಿದ್ದ. ಹೋಟೆಲಿನವನ ಕೈ ಕೇಳುತ್ತದಾ? ಗಿರಾಕಿಯ ವಸ್ತು ಬಿದ್ದಿದೆ. ಹೆಕ್ಕಿದೆ. ಹೆಗಲಿನ ಬಟ್ಟೆಯಿಂದ ಚೆನ್ನಾಗಿ ಒರೆಸಿದೆ. ಕೈಯಲ್ಲಿ ಕೊಡುವುದು ಮರ್ಯಾದೆಯಲ್ಲ ಎಂದು ಒಂದು ತಟ್ಟೆಯಲ್ಲಿಟ್ಟು, ಪಕ್ಕಕ್ಕೆ ಒಂದು ಲೋಟ ನೀರನ್ನೂ ಇಟ್ಟುಕೊಂಡು ಎದುರು ಹೋಗಿ, "ತಗೊಳ್ಳಿ ಸಾರ್" ಎಂದೆ.

ಆ ಮನುಷ್ಯನ ಮುಖ ಈಗಲೂ ಕಣ್ಣ ಮುಂದಿದೆ. ಸಿಟ್ಟೂ ಅಲ್ಲ, ನಗೆಯೂ ಅಲ್ಲ. ತಟ್ಟೆಯನ್ನು ನೋಡಿದ, ನನ್ನನ್ನು ನೋಡಿದ, ನೀರು ಕುಡಿದ. ಚೆಂಡನ್ನು ಮುಟ್ಟಲಿಲ್ಲ. ಅಷ್ಟರಲ್ಲಿ ಎಲ್ಲಿಂದಲೋ ಒಬ್ಬರು ಬಿಳಿ ಅಂಗಿಯವರು ಬಂದರು. ಗಾಲ್ಫ್‌ನಲ್ಲಿ ರೆಫರಿ ಇದ್ದಾರೆ ಎಂದು ನನಗೆ ತಿಳಿದದ್ದು ಅವತ್ತು. "ಎಲ್ಲಿತ್ತು?" ಎಂದು ಕೇಳಿದರು. ತೋರಿಸಿದೆ. "ಸರಿಯಾಗಿ ಎಲ್ಲಿ?" ಮತ್ತೆ ತೋರಿಸಿದೆ. ಮೂರನೇ ಸಲ ಕೇಳುವಾಗ ನನಗೇ ಅನುಮಾನ ಬಂತು, ಒಂದು ಗೇಣು ಆಚೆ ತೋರಿಸಿದೆ. ಕೊನೆಗೆ ಅವರೇ ಒಂದು ಜಾಗ ಅಂದಾಜು ಮಾಡಿ ಚೆಂಡು ಇಡಿಸಿದರು. ಆಟಗಾರನಿಗೆ ದಂಡ ಇಲ್ಲ. ಹೊರಗಿನವನು ಮುಟ್ಟಿದರೆ ಆಟಗಾರನ ತಪ್ಪಲ್ಲವಂತೆ.

ಸಾಯಂಕಾಲ ಮೇಜರ್ ಸಾಹೇಬರು ಕರೆಸಿದರು. ಅವರು ಕ್ಲಬ್ಬಿನ ಸೆಕ್ರೆಟರಿ, ಸೈನ್ಯದಲ್ಲಿದ್ದು ಬಂದವರು. ಮೀಸೆ ನೋಡಿದರೆ ಹೆದರಿಕೆ, ಕಾಫಿಗೆ ಮಾತ್ರ ಸಕ್ಕರೆ ಎರಡು ಪಾಲು. ನಾನು ಕೆಲಸ ಹೋಯಿತೆಂದೇ ಎಣಿಸಿಕೊಂಡು ಪೆಟ್ಟಿಗೆ ಕಟ್ಟಿಟ್ಟು ಹೋಗಿದ್ದೆ.

"ಉಡುಪಿ, ಇವತ್ತಿನಿಂದ ಈ ಮೈದಾನದಲ್ಲಿ ಆಕಾಶದಿಂದ ಏನು ಬಿದ್ದರೂ ನೀನು ಮುಟ್ಟಬಾರದು."

"ಮಾವಿನ ಹಣ್ಣು ಬಿದ್ದರೆ ಸಾರ್?"

ಅವರು ಸ್ವಲ್ಪ ಯೋಚನೆ ಮಾಡಿದರು. "ಅದು ಹಣ್ಣೇ ಅಂತ ಗಟ್ಟಿಯಾದ ಮೇಲೆ ಮುಟ್ಟು" ಎಂದರು.

ಅಂದಿನಿಂದ ಮುಟ್ಟಲಿಲ್ಲ. ನೀವೂ ಮುಟ್ಟಬೇಡಿ.

ಎರಡನೇ ಪಾಠ ಕಾವಲಿಯದ್ದು. ದೋಸೆ ಹೊಯ್ಯುವ ಮೊದಲು ಕಾವಲಿಗೆ ನೀರು ಚಿಮುಕಿಸುತ್ತೇವಲ್ಲ, 'ಚುಂಯ್' ಎನ್ನುತ್ತದೆ. ನಮಗೆ ಅದು ಕೇಳಿಸುವುದೇ ಇಲ್ಲ. ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ ಬಗ್ಗಿ, ಉಸಿರು ಹಿಡಿದು, ಒಂದು ಮೊಳ ದೂರದ ಚೆಂಡನ್ನು ತಳ್ಳಲು ನಿಂತವನಿಗೆ ಅದು ಗುಡುಗಿನ ಹಾಗಂತೆ. ಒಂದು ವರ್ಷ ಅತಿ ದೊಡ್ಡ ಪಂದ್ಯ. ಹೊರ ರಾಜ್ಯದ ಒಬ್ಬ ಹೆಸರಾಂತ ಆಟಗಾರ ಹಾಗೆ ಬಗ್ಗಿದ, ನಾನು ನೀರು ಚಿಮುಕಿಸಿದೆ, ಚೆಂಡು ಕುಳಿಯ ಅಂಚನ್ನು ಸವರಿ ಪಕ್ಕಕ್ಕೆ ಹೋಯಿತು. ನೋಡುತ್ತಿದ್ದವರೆಲ್ಲ ಒಟ್ಟಿಗೆ ಶೆಡ್ಡಿನ ಕಡೆ ತಿರುಗಿದರು. ನಾನೂ ಹಿಂದಕ್ಕೆ ತಿರುಗಿ ನೋಡಿದೆ, ಯಾರನ್ನು ನೋಡುತ್ತಿದ್ದಾರೆ ಎಂದು.

ಆ ಆಟಗಾರ ಸೀದಾ ಶೆಡ್ಡಿಗೆ ಬಂದ. ಬೈಯುತ್ತಾನೆ ಎಂದುಕೊಂಡೆ. ಬೆಂಚಿನಲ್ಲಿ ಕೂತು, "ಈ ದೋಸೆ ನನಗೇ ಕೊಡು, ಇದಕ್ಕೆ ನಾನು ಜಾಸ್ತಿ ಬೆಲೆ ಕೊಟ್ಟಿದ್ದೇನೆ" ಎಂದ. ಮರುದಿನದಿಂದ ಮೇಜರ್ ಸಾಹೇಬರ ಆರ್ಡರ್: ಚಾಂಪಿಯನ್‌ಶಿಪ್ ನಡೆಯುವಾಗ ದೋಸೆ ಬಂದ್, ಇಡ್ಲಿ ಮಾತ್ರ. ಇಡ್ಲಿ ಬಾಯಿ ಮುಚ್ಚಿಕೊಂಡು ಬೇಯುತ್ತದೆ. ಆದರೂ ಮುಚ್ಚಳ ತೆಗೆಯುವಾಗ ಒಂದು ಕಣ್ಣು ಹುಲ್ಲಿನ ಮೇಲಿರಲಿ, ಸ್ಟೀಲಿನ ಮುಚ್ಚಳವನ್ನು ಕಲ್ಲಿನ ಮೇಲೆ ಇಡಬೇಡಿ, ಬಟ್ಟೆಯ ಮೇಲಿಡಿ. ಚಪ್ಪಾಳೆ ಕೇಳಿದ ಮೇಲೆ ಲೋಟ ತೊಳೆಯಬಹುದು. ಚಪ್ಪಾಳೆ ಕೇಳದಿದ್ದರೂ ಸ್ವಲ್ಪ ಹೊತ್ತಿನ ಮೇಲೆ ತೊಳೆಯಬಹುದು. ಆಗ ಹೆಚ್ಚು ಮೆಲ್ಲಗೆ ತೊಳೆಯಬೇಕು.

ಬೋರ್ಡಿನ ವಿಷಯವನ್ನೂ ಹೇಳಿಬಿಡುತ್ತೇನೆ. ಆಟಗಾರರ ಲೆಕ್ಕವನ್ನು ದೊಡ್ಡ ಹಲಗೆಯ ಮೇಲೆ ಬರೆಯುತ್ತಿದ್ದರು, ಕೆಲವು ಅಂಕೆ ಕಪ್ಪು, ಕೆಲವು ಕೆಂಪು. ಶಾಲೆಯಿಂದ ನನಗೆ ಉಳಿದ ಜ್ಞಾಪಕ ಒಂದೇ, ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದರೆ ಫೇಲು. ಒಬ್ಬ ಬಡಕಲು ಹುಡುಗನ ಹೆಸರಿನ ಮುಂದೆ ಸಾಲಿಗೆ ಸಾಲು ಕೆಂಪು. ಪಾಪ, ಫೇಲು ಎಂದುಕೊಂಡೆ. ಅವನು ಬಂದಾಗ ಕೇಳದೆಯೇ ಒಂದು ಬಟ್ಟಲು ಕೇಸರಿಬಾತ್ ಇಟ್ಟು, "ಇರ್ಲಿ ಬಿಡಿ, ಮುಂದಿನ ವರ್ಷ ಉಂಟು" ಎಂದೆ. ಅವನು ಕಣ್ಣು ಕಣ್ಣು ಬಿಟ್ಟ. ಸಂಜೆ ಗೆಲುವಿನ ಕಪ್ ಹಿಡಿದುಕೊಂಡು ನಿಂತವನು ಅವನೇ. ಗಾಲ್ಫ್‌ನಲ್ಲಿ ಕೆಂಪು ಎಂದರೆ ಒಳ್ಳೆಯದಂತೆ! ಆಮೇಲೆ ಅವನು ಚೆನ್ನೈಗೆ ಯಾವಾಗ ಆಡಲು ಬಂದರೂ ಕೇಸರಿಬಾತ್ ತಿನ್ನದೆ ಹತ್ತನೇ ಕುಳಿಗೆ ಹೋಗುತ್ತಿರಲಿಲ್ಲ. ಒಂದು ಸಲ ರವೆ ಮುಗಿದಾಗ ತನ್ನ ಕ್ಯಾಡಿಯನ್ನೇ ಅಂಗಡಿಗೆ ಓಡಿಸಿದ್ದನ್ನೂ ನೋಡಿದ್ದೇನೆ.

ಇವೆಲ್ಲ ನಗುವ ಸಂಗತಿಗಳು. ನಗಲು ಬಾರದ್ದು ಒಂದು ಉಂಟು.

ಒಂದು ವರ್ಷ ಫೈನಲಿನ ದಿನ, ಎಲ್ಲರಿಗಿಂತ ಮುಂದಿದ್ದ ಒಬ್ಬ ನಡುವಯಸ್ಸಿನ ಆಟಗಾರ ಶೆಡ್ಡಿಗೆ ಬಂದು ಮಜ್ಜಿಗೆ ಕೇಳಿದ. ಕುಡಿದ. ಲೋಟ ಕೆಳಗಿಟ್ಟು, ಎದ್ದು ಹೋಗಿ ರೆಫರಿಯ ಹತ್ತಿರ ಏನೋ ಹೇಳಿದ. ಆಮೇಲೆ ಮುರುಗ ಹೇಳಿದ್ದು: ಮರದ ಹಿಂದೆ ಅವನು ಕೋಲು ಇಡುವಾಗ ಚೆಂಡು ಕೂದಲೆಳೆಯಷ್ಟು ಜರುಗಿತಂತೆ. ಯಾರೂ ನೋಡಿರಲಿಲ್ಲ, ಅವನ ಚೀಲ ಹೊತ್ತಿದ್ದ ಮುರುಗನೂ ನೋಡಿರಲಿಲ್ಲ. ತಾನೇ ಹೋಗಿ ಒಂದು ಹೊಡೆತ ಜಾಸ್ತಿ ಬರೆಸಿಕೊಂಡ. ಸಂಜೆ ಆ ಒಂದೇ ಹೊಡೆತದಲ್ಲಿ ಸೋತ.

ನನಗೆ ತಲೆ ಕೆಟ್ಟುಹೋಯಿತು. ನಾನು ಹೋಟೆಲಿನಲ್ಲಿ ಬೆಳೆದವನು. ಅಲ್ಲಿ ಸಪ್ಲೈಯರನ ಮೇಲೆ ಧಣಿಯ ಕಣ್ಣು, ಧಣಿಯ ಮೇಲೆ ಗಿರಾಕಿಯ ಕಣ್ಣು. ತನ್ನ ತಪ್ಪನ್ನು ತಾನೇ ಹೋಗಿ ಹೇಳಿದವನನ್ನು ನಾನು ನೋಡಿರಲಿಲ್ಲ. ಅವನು ಹೊರಡುವಾಗ ಮತ್ತೆ ಶೆಡ್ಡಿಗೆ ಬಂದ. ಧೈರ್ಯ ಮಾಡಿ ಕೇಳಿದೆ, "ಯಾಕೆ ಸಾರ್ ಹೇಳಿದ್ರಿ?"

"ಮಜ್ಜಿಗೆ ಇನ್ನೊಂದು ಲೋಟ ಕೊಡು ಉಡುಪಿ. ಈ ಸಲ ಉಪ್ಪು ಹಾಕು" ಎಂದ. ಅಷ್ಟೇ.

ಬೆಳಗ್ಗೆಯ ಮಜ್ಜಿಗೆಗೆ ನಾನು ಉಪ್ಪು ಮರೆತಿದ್ದೆ, ಅವನು ಸುಮ್ಮನೆ ಕುಡಿದಿದ್ದ. ಇದರ ಅರ್ಥ ಏನು ಎಂದು ಎಷ್ಟೋ ವರ್ಷ ಯೋಚಿಸಿದ್ದೇನೆ. ಒಮ್ಮೊಮ್ಮೆ ತಿಳಿದ ಹಾಗೆ ಆಗುತ್ತದೆ, ಮತ್ತೆ ಜಾರುತ್ತದೆ.

ಈಗ ಎಲ್ಲ ಬದಲಾಗಿದೆ. ಹಲಗೆ ಹೋಗಿ ಫೋನಿನಲ್ಲೇ ಲೆಕ್ಕ. ಆಟಗಾರರು ಬಾಳೆಹಣ್ಣು ತಿನ್ನುತ್ತಾರೆ, ಕಾಗದದಲ್ಲಿ ಸುತ್ತಿದ ಒಂದು ಕಂದು ಇಟ್ಟಿಗೆ ತಿನ್ನುತ್ತಾರೆ. ಅದು ತಿಂಡಿಯೋ ಔಷಧವೋ ಗೊತ್ತಿಲ್ಲ. ಕರೆಂಟಿನ ಒಲೆಯಲ್ಲಿ ಸದ್ದೇ ಇಲ್ಲ. ನಾನು ಕೆಲಸ ಬಿಟ್ಟು ಮನೆಯಲ್ಲಿ ಕೂತೆ. ನಮ್ಮ ಕುಟುಂಬದಲ್ಲಿ ಗಾಲ್ಫ್ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಆದರೆ ಶ್ರಾವ್ಯ ಇದ್ದಳಲ್ಲ. ಕೆಲಸಗಾರರ ಮನೆಯ ಮಕ್ಕಳಿಗೆ ಕ್ಲಬ್ಬಿನಲ್ಲಿ ಬೇಸಿಗೆ ರಜೆಯಲ್ಲಿ ಆಟ ಕಲಿಸುತ್ತಿದ್ದರು. ಅವಳು ಹೊಡೆದ ಚೆಂಡು ಹೆಚ್ಚಾಗಿ ಕಾಲುವೆಗೇ ಹೋಗುತ್ತಿತ್ತು. ಆದರೆ ಅದು ಕಾಲುವೆಗೆ ಹೋದ ಮೇಲೆ ಮುಂದೇನು ಎಂದು ವಾದ ಮಾಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಈಗ ನುಂಗಂಬಾಕ್ಕಂನ ಒಂದು ವಿಮಾ ಆಫೀಸಿನಲ್ಲಿ ಯಾರ ಕಾರಿಗೆ ಯಾರು ಗುದ್ದಿದ್ದು ಎಂದು ತೀರ್ಮಾನ ಮಾಡುವ ಕೆಲಸ ಅವಳಿಗೆ. ಅದರ ನಡುವೆಯೇ ಗಾಲ್ಫ್ ನಿಯಮಗಳ ಪರೀಕ್ಷೆ ಕಟ್ಟಿ ಪಾಸಾದಳು.

ಭಾನುವಾರ ನಾನೂ ನನ್ನ ಹೆಂಡತಿ ಲಲಿತಳೂ ಹೋದೆವು. ನಾನು ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟಿದ್ದೆ. ನನ್ನ ಹಳೆಯ ಶೆಡ್ಡಿನ ಪಕ್ಕದಲ್ಲೇ ನೆರಳಿನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟರು. ನನ್ನ ಬೆನ್ನ ಹಿಂದೆ ಸ್ವಲ್ಪ ಇಳಿಜಾರು, ಅದರ ಕೆಳಗೆ ಕಾಲುವೆ. ಕೈಯಲ್ಲಿ ಕಾಫಿ. ಫೈನಲಿನಲ್ಲಿ ಇಬ್ಬರೇ ಹುಡುಗಿಯರು, ಒಬ್ಬಳಿಗೆ ಹಳದಿ ಟೋಪಿ, ಒಬ್ಬಳಿಗೆ ನೀಲಿ. ಇಬ್ಬರೂ ಸಮಸಮ ಬರುತ್ತಿದ್ದಾರೆ ಎಂದು ಪಕ್ಕದವರು ಹೇಳಿದರು. ಶ್ರಾವ್ಯ ಅವರ ಹಿಂದೆ ಕೈ ಕಟ್ಟಿ ನಡೆದು ಬರುವುದು ದೂರದಿಂದ ಕಂಡಿತು.

"ಹೋಯ್, ಅವಳು ತಿಂಡಿ ತಿಂದಿದ್ದಾಳೋ ಇಲ್ಲವೋ" ಎಂದಳು ಲಲಿತಾ.

ಅಷ್ಟರಲ್ಲಿ ಚೆಂಡು ಬಂತು. ಒಂಬತ್ತನೇ ಕುಳಿಗೆ ಹೊಡೆದದ್ದು ಜೋರಾಗಿ, ಹುಲ್ಲನ್ನು ದಾಟಿ, ಸಿಮೆಂಟಿನ ಹಾದಿಗೆ ಬಡಿದು, ಎಗರಿ ಸೀದಾ ನನ್ನ ಕಡೆಗೆ. ಟಪ್! ನೋಡಿದರೆ ನನ್ನ ಮೊಣಕಾಲು ಅಗಲವಾಗಿದೆ, ಪಂಚೆ ಜೋಲಿಯ ಹಾಗೆ ಬಿಗಿದಿದೆ, ನಡುವೆ ಚೆಂಡು ಮೊಟ್ಟೆಯ ಹಾಗೆ ಕೂತಿದೆ.

ಆಕಾಶದಿಂದ ಏನು ಬಿದ್ದರೂ ಮುಟ್ಟಬಾರದು. ಮೇಜರ್ ಸಾಹೇಬರು ತೀರಿಕೊಂಡು ಎಷ್ಟೋ ಕಾಲವಾಯಿತು, ಅವರ ಆರ್ಡರ್ ತೀರಿಕೊಂಡಿಲ್ಲ. ನಾನು ಕಾಫಿ ಲೋಟ ಹಿಡಿದ ಕೈಯನ್ನೂ ಅಲ್ಲಾಡಿಸಲಿಲ್ಲ.

"ಎಂತದು ನೀವು, ಕಲ್ಲು ಬಸವನ ಹಾಗೆ ಕೂತದ್ದು? ಹೆಕ್ಕಿ ಕೊಡಿ ಪಾಪ" ಎಂದು ಲಲಿತಾ ಕೈ ಚಾಚಿದಳು.

"ಮುಟ್ಟಬೇಡ ಮಾರಾಯ್ತಿ!"

ಶ್ರಾವ್ಯ ಬಂದಳು. ಓಡಲಿಲ್ಲ, ರೆಫರಿ ಓಡಬಾರದಂತೆ. ನನ್ನನ್ನು ನೋಡಿ ಒಂದು ಕ್ಷಣ ಅವಳ ಬಾಯಿ ತೆರೆಯಿತು. "ಅಸೆಯಾದೀಂಗ ಅಜ್ಜ" ಎಂದಳು ಮೆಲ್ಲಗೆ. ಅಲ್ಲಾಡಬೇಡಿ ಅಂತ. ಅಲ್ಲಿಂದ ಮುಂದೆ ಅವಳು ನನ್ನ ಮೊಮ್ಮಗಳಲ್ಲ. ನನ್ನ ಕುರ್ಚಿಯ ಅಡಿಗೆ ಒಂದು ಮರದ ಕಡ್ಡಿ ಚುಚ್ಚಿ ಗುರುತು ಮಾಡಿದಳು. ಆ ಚೆಂಡು ಹಳದಿ ಟೋಪಿಯವಳದ್ದು. ಅವಳು "ಸಾರಿ ತಾತಾ" ಎನ್ನುತ್ತ ನನ್ನ ಮಡಿಲಿನಿಂದ ಅದನ್ನು ತೆಗೆದುಕೊಂಡಳು. ಶ್ರಾವ್ಯ ಇಂಗ್ಲಿಷಿನಲ್ಲಿ ತೀರ್ಪು ಹೇಳಿದಳು: ಚೆಂಡು ಅಕಸ್ಮಾತ್ತಾಗಿ ಒಬ್ಬ ಮನುಷ್ಯನ ಮೇಲೆ ನಿಂತಿದೆ, ಕುರ್ಚಿ ಇದ್ದಲ್ಲೇ ಚೆಂಡನ್ನು ಕೈಯಿಂದ ನೆಲಕ್ಕೆ ಬಿಟ್ಟು ಆಡಬಹುದು, ದಂಡ ಇಲ್ಲ.

ನೀಲಿ ಟೋಪಿಯ ಹುಡುಗಿ ಒಪ್ಪಲಿಲ್ಲ. "ಅವರು ಕಾಲು ಅಗಲಿಸಿದ್ದನ್ನು ನಾನು ನೋಡಿದೆ. ಬೇಕೆಂದೇ ಹಿಡಿದರು. ಹಿಡಿಯದಿದ್ದರೆ ಅದು ಕಾಲುವೆಗೆ ಹೋಗುತ್ತಿತ್ತು" ಎಂದಳು. ಬೇಕೆಂದೇ ತಡೆದದ್ದಾದರೆ ಲೆಕ್ಕ ಬೇರೆ. ತಡೆಯದಿದ್ದರೆ ಚೆಂಡು ಎಲ್ಲಿಗೆ ಹೋಗುತ್ತಿತ್ತೋ ಅಲ್ಲಿಂದಲೇ ಆಡಬೇಕು. ಅಂದರೆ ಕಾಲುವೆಯಿಂದ.

ಶ್ರಾವ್ಯಳ ಕಿವಿ ಕೆಂಪಾಯಿತು. ವಾಕಿಟಾಕಿ ಬಾಯಿಗೆ ಹಿಡಿದು, "ದೊಡ್ಡ ರೆಫರಿಯವರನ್ನು ಕರೆಸುತ್ತೇನೆ. ಅವರಿಗೆ ಇದೂ ಗೊತ್ತಿರಬೇಕು. ಇವರು ನನ್ನ ಅಜ್ಜ" ಎಂದಳು.

ಅಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಹೇಳದಿದ್ದರೆ ಗೊತ್ತಾಗುತ್ತಲೂ ಇರಲಿಲ್ಲ. ನನಗೆ ಉಪ್ಪಿಲ್ಲದ ಮಜ್ಜಿಗೆ ಕುಡಿದವನ ನೆನಪು ಬಂತು.

ಬ್ಯಾಟರಿ ಕಾರಿನಲ್ಲಿ ದೊಡ್ಡ ರೆಫರಿ ಬಂದರು. ದಪ್ಪ ಕನ್ನಡಕದ ಒಬ್ಬ ಅಮ್ಮ. ನನ್ನ ಎದುರಿಗೆ ಬಗ್ಗಿ ತಮಿಳಿನಲ್ಲಿ ಕೇಳಿದರು, "ಐಯಾ, ಚೆಂಡನ್ನು ನೀವು ಬೇಕೆಂದು ಹಿಡಿದಿರಾ?"

'ಇಲ್ಲ' ಎಂದರೆ ಮೊಮ್ಮಗಳ ಮಾತು ನಿಲ್ಲುತ್ತದೆ. ಅಷ್ಟು ನನಗೂ ತಿಳಿಯುತ್ತದೆ. ಲಲಿತಾ ಪಕ್ಕದಿಂದ ತಿವಿದಳು, "ಇಲ್ಲ ಅಂತ ಹೇಳಿ ಮಾರಾಯ್ರೆ." ಬಾಯಿಯ ತನಕ ಬಂತು. ಆದರೆ ನಿಜವಾಗಿ ಏನಾಯಿತು? ಚೆಂಡು ಬರುವುದು ಕಂಡೆ. ಕಾಲು ಅಗಲವಾಯಿತು. ನಾನು ಅಗಲಿಸಿದ್ದೋ, ಅದೇ ಆದದ್ದೋ? ಎಷ್ಟು ಹಿಂದಕ್ಕೆ ಹೋಗಿ ಹುಡುಕಿದರೂ ಆ ಜಾಗದಲ್ಲಿ ಏನೂ ಇಲ್ಲ.

"ಗೊತ್ತಿಲ್ಲ ಅಮ್ಮ" ಎಂದೆ.

"ಗೊತ್ತಿಲ್ಲ ಅಂದರೆ?"

"ಹಿಡಿದ ಹಾಗೂ ಉಂಟು, ಹಿಡಿಯದ ಹಾಗೂ ಉಂಟು. ನನ್ನದೇ ಕಾಲು, ಆದರೆ ನನ್ನನ್ನು ಕೇಳಲಿಲ್ಲ."

ಯಾರೋ ನಕ್ಕರು. ಶ್ರಾವ್ಯ ಹುಲ್ಲು ನೋಡುತ್ತಿದ್ದಳು. ಹಾಳು ಮಾಡಿಬಿಟ್ಟೆ ಎಂದುಕೊಂಡೆ. ಆ ಅಮ್ಮ ಕನ್ನಡಕ ತೆಗೆದು ಒರೆಸಿದರು. "ಅದು ಯಾರ ಚೆಂಡು ಅಂತ ನೋಡಿದ್ರಾ?" "ಇಲ್ಲ ಅಮ್ಮ, ಬರುವಾಗ ಅದಕ್ಕೆ ಟೋಪಿ ಇರಲಿಲ್ಲ." ಅವರು ಎದ್ದು ನಿಂತು ಇಬ್ಬರು ಆಟಗಾರ್ತಿಯರಿಗೂ ಹೇಳಿದರು, "ಬೇಕೆಂದು ಮಾಡಿದವರಿಗೆ ತಾವು ಮಾಡಿದ್ದು ಗೊತ್ತಿರುತ್ತದೆ. ಇವರಿಗೆ ಗೊತ್ತಿಲ್ಲ. ರೆಫರಿ ಹೇಳಿದ್ದೇ ನಿಲ್ಲುತ್ತದೆ."

ಆಮೇಲೆ ಅವರು ಶ್ರಾವ್ಯಳನ್ನು ಮರದ ಆಚೆಗೆ ಕರೆದುಕೊಂಡು ಹೋಗಿ ಬಹಳ ಹೊತ್ತು ಏನೋ ಹೇಳಿದರು. ಬೈದರೋ, ಬುದ್ಧಿ ಹೇಳಿದರೋ? ಅಲ್ಲಿಂದ ಕೊನೆಯ ಕುಳಿಯ ತನಕ ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಇಷ್ಟೆಲ್ಲ ಆಗಿ ಕೊನೆಗೆ ಗೆದ್ದದ್ದು ನೀಲಿ ಟೋಪಿ. ಹಾಗಾದರೆ ನನ್ನ ಪಂಚೆಯಿಂದ ಯಾರಿಗೆ ಏನಾಯಿತು? ನನಗೆ ತಿಳಿಯಲಿಲ್ಲ. ಮನೆಗೆ ಬರುವ ಆಟೋದಲ್ಲಿ ಲಲಿತಾ ದಾರಿಯುದ್ದಕ್ಕೂ, "ಒಂದು 'ಇಲ್ಲ' ಹೇಳಲಿಕ್ಕೆ ನಿಮಗೆ ಏನು ಕಷ್ಟ?" ಎಂದಳು. ಅದೂ ನನಗೆ ಗೊತ್ತಿಲ್ಲ.

ಶ್ರಾವ್ಯ ಬರುವಾಗ ದೀಪ ಹಚ್ಚಿ ಆಗಿತ್ತು. ಬೂಟು ಬಿಚ್ಚಿದಳು, ಕೈಕಾಲು ತೊಳೆದಳು, ಸೀದಾ ಅಡುಗೆಮನೆಗೆ ಹೋದಳು. ಸೊಸೆ ವಾಣಿ ಗುಳ್ಳ ಬದನೆಯ ಹುಳಿ, ನಿಂಬೆ ಸಾರು, ಹಪ್ಪಳ ಮಾಡಿದ್ದಳು. ಶಾವಿಗೆ ಪಾಯಸವೂ ಇತ್ತು. ಎಲ್ಲರೂ ನೆಲದ ಮೇಲೆ ಕೂತರು, ಮೊಣಕಾಲು ನೋವೆಂದು ನನಗೊಬ್ಬನಿಗೆ ಕುರ್ಚಿ. ನಾನೇ ಮೊದಲು ಕೇಳಿದೆ.

"ಮಗಾ, ನಿನ್ನ ಕೆಲಸ ಹೋಯ್ತಾ?"

"ಯಾರು ಹೇಳಿದ್ದು? ಮುಂದಿನ ತಿಂಗಳು ಊಟಿಯಲ್ಲಿ ಪಂದ್ಯ ಉಂಟು, ಬಾ ಅಂದ್ರು."

"ಮತ್ತೆ ನನ್ನ ಮುಖ ಯಾಕೆ ನೋಡಲಿಲ್ಲ?"

"ನೋಡಿದ್ರೆ ನಗು ಬರ್ತಿತ್ತು ಅಜ್ಜ! ರೆಫರಿ ನಗಬಹುದಾ?"

"ಹಾಗಾದ್ರೆ ನಾನು ಗೊತ್ತಿಲ್ಲ ಅಂದದ್ದು..."

"ನೀವು ಇಲ್ಲ ಅಂದಿದ್ರೆ ದೊಡ್ಡ ರೆಫರಿ ನಂಬ್ತಾನೇ ಇರಲಿಲ್ಲ. ಮೊಮ್ಮಗಳಿಗೋಸ್ಕರ ಹೇಳ್ತಿದ್ದಾರೆ ಅಂತ ಅಂದುಕೊಳ್ತಿದ್ರಂತೆ."

ಮಗ ಗೋಪಾಲ ಬಾಯಿ ತುಂಬ ಅನ್ನ ಇಟ್ಟುಕೊಂಡೇ ಕೇಳಿದ, "ಆದ್ರೂ ಅಪ್ಪ, ನಮಗೆ ಮಾತ್ರ ಹೇಳಿ. ಹಿಡಿದದ್ದಾ, ಅಲ್ವಾ?"

ನಾನು ತಟ್ಟೆಯನ್ನು ಕೈಗೆತ್ತಿಕೊಂಡೆ. ಅಷ್ಟರಲ್ಲಿ ಶ್ರಾವ್ಯ ಪಕ್ಕದ ಬುಟ್ಟಿಯಿಂದ ಒಂದು ನಿಂಬೆಹಣ್ಣು ತೆಗೆದು, ಹೇಳದೆ ಕೇಳದೆ ನನ್ನ ಕಡೆಗೆ ಎಸೆದಳು. ಟಪ್! ಮೊಣಕಾಲು ಅಗಲ, ಪಂಚೆ ಬಿಗಿ, ನಡುವೆ ನಿಂಬೆಹಣ್ಣು.

ಮನೆಯೆಲ್ಲ ನಗು. ಗೋಪಾಲನಿಗೆ ಅನ್ನ ನೆತ್ತಿಗೆ ಹತ್ತಿತು. "ನೋಡಿದ್ರಲ್ಲ, ಬೇಕೆಂದು ಮಾಡಿದ್ದಲ್ಲ. ದಂಡ ಇಲ್ಲ" ಎಂದಳು ಶ್ರಾವ್ಯ. ನಾನು ಕೈಯಲ್ಲಿದ್ದ ತಟ್ಟೆಯನ್ನೂ ಅಲ್ಲಾಡಿಸದೆ ಕೂತೇ ಇದ್ದೆ.

"ಇನ್ನಾದ್ರೂ ಹೆಕ್ಕಿ ಕೊಡಿ, ಸಾರಿಗೆ ಹುಳಿ ಸಾಲದು" ಎಂದಳು ಲಲಿತಾ.

ನಾನು ಮೊಮ್ಮಗಳ ಮುಖ ನೋಡಿದೆ. "ಮುಟ್ಟಬಹುದಾ?"

ಅವಳು ಹಪ್ಪಳ ಮುರಿಯುತ್ತ ಸ್ವಲ್ಪ ಯೋಚಿಸಿದಳು. "ಅದು ನಿಂಬೆಹಣ್ಣೇ ಅಂತ ಗಟ್ಟಿ ಆಯ್ತಲ್ಲ ಅಜ್ಜ. ಮುಟ್ಟಿ."

ಮುಟ್ಟಿದೆ. ಲಲಿತಾ ಹಿಂಡಿದಳು. ಸಾರು ಸರಿಹೋಯಿತು, ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡು ಉಂಡೆವು.